ಗುತ್ತಿಗೆ ಕಾರ್ಮಿಕರಿಗೆ ಮಾಲಕ ಯಾರು?

ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರ, ಆಸ್ಪತ್ರೆ ಗುಡಿಸುವ ಮಹಿಳೆ ಮುಂತಾದ ಅನೇಕರಿಗೆ ಸಂಬಳ ಕೊಡುವುದು ಅವರು ದುಡಿಯುವ ಸಂಸ್ಥೆಯಲ್ಲ, ಒಂದು ಏಜೆನ್ಸಿ. ಸಂಬಳ ತಪ್ಪಿದರೆ ಅವರು ಯಾರನ್ನು ಕೇಳಬೇಕು?

ಸಂಸತ್ತು 1970ರಲ್ಲಿ ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ರದ್ದತಿ ಕಾಯ್ದೆಯ ಮೂಲಕ ಇದಕ್ಕೆ ಉತ್ತರ ಕೊಟ್ಟಿತು. 20 ಅಥವಾ ಹೆಚ್ಚು ಮಂದಿಯನ್ನು ದುಡಿಸುವ ಗುತ್ತಿಗೆದಾರನಿಗೆ ಪರವಾನಗಿ ಕಡ್ಡಾಯವಾಯಿತು. ಆತ ಸಂಬಳ ಕೊಡದಿದ್ದರೆ ಮೂಲ ಮಾಲಕನೇ ಕೊಡಬೇಕಿತ್ತು. ವರ್ಷವಿಡೀ ಇರುವಂಥ ಕೆಲಸಗಳಲ್ಲಿ ಗುತ್ತಿಗೆಯನ್ನೇ ನಿಷೇಧಿಸುವ ಅಧಿಕಾರ ಸರಕಾರಕ್ಕೆ ಸಿಕ್ಕಿತು.

ಆದರೆ ಸರಕಾರಿ ಸಂಸ್ಥೆಗಳೇ ಗುತ್ತಿಗೆಯನ್ನು ನೆಚ್ಚಿಕೊಂಡಿದ್ದವು. ನಿಷೇಧವಾದ ಕೆಲಸದಲ್ಲಿದ್ದವರನ್ನು ಕಾಯಂ ಮಾಡಬೇಕೆಂದು ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, 2001ರಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು.

ಮುಂದೆ ಸಿಬ್ಬಂದಿ ಒದಗಿಸುವುದೇ ದೊಡ್ಡ ಉದ್ಯಮವಾಯಿತು. ಟೀಮ್‌ಲೀಸ್ 2002ರಲ್ಲಿ, ಕ್ವೆಸ್ 2007ರಲ್ಲಿ ಆರಂಭವಾದವು. 2011ರಲ್ಲಿ ಈ ಕಂಪೆನಿಗಳು ಒಕ್ಕೂಟ ಕಟ್ಟಿಕೊಂಡು, ಕಾನೂನು ಸರಳವಾಗಬೇಕೆಂದು ಸರಕಾರದ ಮುಂದೆ ಬೇಡಿಕೆಯಿಟ್ಟವು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಪರವಾನಗಿಯ ಮಿತಿ 50 ಮಂದಿಗೆ ಏರಿತು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ನಿಷಿದ್ಧವಾದರೂ ವಿನಾಯಿತಿಗಳು ಹಲವು.

ಸಂಬಳದ ಕೊನೆಯ ಹೊಣೆ ಮಾತ್ರ ಇಂದಿಗೂ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯದ್ದೇ. ಏಜೆನ್ಸಿಯಿಂದ ಜನ ಪಡೆಯುವ ಶಾಲೆ, ಆಸ್ಪತ್ರೆಗಳ ಆಡಳಿತದವರು ಇದನ್ನು ಮರೆಯಬಾರದು. ಕೆಲಸಗಾರರೂ ನೇಮಕಾತಿ ಪತ್ರ, ಸಂಬಳದ ಚೀಟಿಗಳನ್ನು ಕೇಳಿ ಪಡೆದು ಜೋಪಾನವಾಗಿಡಬೇಕು.