ಕಾಲಡಿಯ ಯಮ: ಕಾರಿನ ಮ್ಯಾಟಿಗೆ ಮೂಗುದಾರ ಹಾಕುವವರು ಯಾರು?

ತುಮಕೂರು: ಓದುಗ ಮಹಾಶಯರೇ, ಕಾರಿನಲ್ಲಿ ಯಮ ಎಲ್ಲಿ ಕೂತಿರ್ತಾನೆ ಅಂತ ಯಾರನ್ನಾದರೂ ಕೇಳಿ ನೋಡಿ. ಸವೆದ ಟೈರಿನಲ್ಲಿ ಅಂತಾರೆ, ಕೆಟ್ಟ ಬ್ರೇಕಿನಲ್ಲಿ ಅಂತಾರೆ, ಡ್ರೈವರ್ ಜೇಬಿನ ಕ್ವಾರ್ಟರ್ ಬಾಟ್ಲಿಯಲ್ಲಿ ಅಂತಾರೆ. ಎಲ್ಲವೂ ನಿಜವೇ. ಆದರೆ ನಮ್ಮೂರಿನ ಬಾಡಿಗೆ ಕಾರಿನ ಚಾಲಕರೊಬ್ಬರಿಗೆ ಆತ ದರ್ಶನ ಕೊಟ್ಟಿದ್ದು ಕಾಲ ಕೆಳಗಿನ ರಬ್ಬರ್ ಮ್ಯಾಟಿನಲ್ಲಿ!

ಮಳೆಗಾಲದ ಒಂದು ಬೆಳಗಿನ ಜಾವ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಾಡಿಗೆ. ಹಿಂದಿನ ಸೀಟಿನಲ್ಲಿ ಗಂಡ, ಹೆಂಡತಿ, ತೊಡೆಯ ಮೇಲೆ ನಿದ್ದೆ ಹೋದ ಮಗು. ಕ್ಯಾತ್ಸಂದ್ರ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಮುಂದಿದ್ದ ಲಾರಿಯನ್ನು ಹಿಂದಿಕ್ಕಲು ಚಾಲಕರು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಲಾರಿ ಹಿಂದಾಯಿತು. ಕಾಲು ತೆಗೆದರು. ಪೆಡಲು ಮೇಲೆ ಬರಲಿಲ್ಲ!

"ಬ್ರೇಕ್ ತುಳಿದೆ ಸಾರ್. ಇಂಜಿನ್ನು ಅರಚ್ತಾ ಇತ್ತು. ಬಿಟ್ಟು ಇನ್ನೊಂದು ಸಲ ತುಳಿದ್ರೆ ಬ್ರೇಕು ಕಲ್ಲಾಗೋಗಿತ್ತು. ಕ್ಲಚ್ ತುಳಿದು ನ್ಯೂಟ್ರಲ್ ಮಾಡಿದೆ ನೋಡಿ, ಅದೇ ನಮ್ಮನ್ನ ಉಳಿಸಿದ್ದು" ಎಂದರು ಅವರು, ಟ್ಯಾಕ್ಸಿ ಸ್ಟ್ಯಾಂಡಿನ ಬಳಿ ಚಹಾ ಕುಡಿಯುತ್ತಾ. ಕಾರು ರಸ್ತೆ ಬದಿಯ ತಡೆಗೆ ಸವರಿಕೊಂಡು ನಿಂತಿತು. ಬಂಪರು ಮುರಿಯಿತು, ಜೀವಕ್ಕೇನೂ ಆಗಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಮ್ಯಾಟಿನ ಮೂಲೆ ಮುಂದಕ್ಕೆ ಹೋಗಿ, ಮಡಚಿಕೊಂಡು, ಪೆಡಲಿನ ತುದಿಯನ್ನು ಕಚ್ಚಿ ಹಿಡಿದಿತ್ತು.

ಮಾಲೀಕರು ನಂಬಿದರೇ? ಇಲ್ಲ. "ಮ್ಯಾಟ್ ಅಂತೆ ಮ್ಯಾಟು! ನಿದ್ದೆ ಹೊಡೆದು ಗುದ್ದಿ ಈಗ ಕಥೆ ಕಟ್ತೀಯ" ಎಂದು ಬೈದು, ಬಂಪರಿನ ದುಡ್ಡನ್ನು ಸಂಬಳದಲ್ಲಿ ಮುರಿದುಕೊಂಡರು. ಆ ಚಾಲಕರ ಮಾತು ನಿಜವಿರಬಹುದೇ ಎಂದು ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ್ದೇ ಈ ವರದಿ.

ಅಪರಾಧಿ ಒಬ್ಬನಲ್ಲ

ಹಿಂದಿನ ಸಂಜೆ ಏನಾಗಿತ್ತು ಕೇಳಿ. ಕಾರನ್ನು ವಾಟರ್ ಸರ್ವಿಸಿಗೆ ಬಿಟ್ಟಿದ್ದರು. ಹುಡುಗರು ಮ್ಯಾಟುಗಳನ್ನು ಹೊರಗೆಸೆದು ತೊಳೆದರು. ಮಿರಮಿರ ಮಿಂಚಲಿ ಅಂತ ಟೈರಿಗೆ ಬಳಿಯುವ ಪಾಲಿಷನ್ನೇ ಮ್ಯಾಟಿಗೂ ಬಳಿದರು. ಒದ್ದೆ ಆರುವ ಮೊದಲೇ ಒಳಗೆ ಹಾಸಿದರು. ಕಾರಿನ ನೆಲದಲ್ಲಿ ಮ್ಯಾಟನ್ನು ಹಿಡಿದಿಡಲು ಕಂಪನಿಯವರು ಇಟ್ಟ ಎರಡು ಕೊಕ್ಕೆಗಳಿವೆ. ಅದಕ್ಕೆ ಸಿಕ್ಕಿಸಲಿಲ್ಲ. ಸಿಕ್ಕಿಸುವುದಾದರೂ ಹೇಗೆ? ಮಾಲೀಕರು ತಂದಿದ್ದು ಎಲ್ಲ ಕಾರಿಗೂ ಆಗುತ್ತೆ ಅನ್ನುವ ಅಗ್ಗದ ಮ್ಯಾಟು. ಅದರಲ್ಲಿ ತೂತೇ ಇಲ್ಲ!

ಹೀಗೆ ತೊಳೆದವರದು ಒಂದು ಪಾಲು, ಮಾರಿದವರದು ಒಂದು ಪಾಲು, ಕೊಂಡವರದು ಒಂದು ಪಾಲು. ದಂಡ ತೆತ್ತವರು ಮಾತ್ರ ಯಾವ ಪಾಲೂ ಇಲ್ಲದ ಚಾಲಕರು. ಅಕಸ್ಮಾತ್ ಆ ದಿನ ಯಾರಾದರೂ ಸತ್ತಿದ್ದರೆ? ಅತಿವೇಗ ಮತ್ತು ಅಜಾಗರೂಕತೆ ಎಂದು ಕೇಸು ಬೀಳುತ್ತಿತ್ತು. ಹಿಂದೆ ಅದಕ್ಕೆ ಐಪಿಸಿ 279 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಇದೆ. ಸೆಕ್ಷನ್ ಬದಲಾಯಿತೇ ಹೊರತು, ಗುದ್ದಿದ ಕಾರಿನ ಮ್ಯಾಟನ್ನು ಎತ್ತಿ ನೋಡಿದವರನ್ನು ಈ ವರದಿಗಾರ ಇದುವರೆಗೆ ಕಂಡಿಲ್ಲ.

ಅಮೆರಿಕಾದವರೂ ಕೆಟ್ಟು ಕಲಿತರು

ಇದೇನು ತುಮಕೂರಿನ ಡ್ರೈವರ್ ಕಟ್ಟಿದ ಕಥೆಯಲ್ಲ ಸ್ವಾಮಿ. 2009ರ ಆಗಸ್ಟ್ 28ರಂದು ಅಮೆರಿಕಾದ ಸ್ಯಾನ್ ಡಿಯಾಗೋ ಬಳಿ ಒಂದು ಲೆಕ್ಸಸ್ ಕಾರು ಹೆದ್ದಾರಿಯಲ್ಲಿ ನಿಲ್ಲದೆ ಓಡಿತು. ಓಡಿಸುತ್ತಿದ್ದವರು ಸಾಮಾನ್ಯರಲ್ಲ, ಅಲ್ಲಿನ ಹೆದ್ದಾರಿ ಪೊಲೀಸ್ ಅಧಿಕಾರಿ. ತಮ್ಮ ಕಾರನ್ನು ಸರ್ವಿಸಿಗೆ ಬಿಟ್ಟು, ಬದಲಿಗೆ ಡೀಲರು ಕೊಟ್ಟ ಕಾರಿನಲ್ಲಿ ಮನೆಮಂದಿಯೊಂದಿಗೆ ಹೊರಟಿದ್ದರು. ಕಾರಿನೊಳಗಿಂದ ಒಬ್ಬರು ಫೋನು ಮಾಡಿ ಪೊಲೀಸರಿಗೆ ತಿಳಿಸುತ್ತಿದ್ದಾಗಲೇ, ಗಂಟೆಗೆ 100 ಮೈಲಿ ಮೀರಿದ ವೇಗದಲ್ಲಿ ಕಾರು ಉರುಳಿತು. ಒಳಗಿದ್ದ ನಾಲ್ವರೂ ಸತ್ತರು.

ತನಿಖೆಯಲ್ಲಿ ಸಿಕ್ಕಿದ್ದೇನು? ಆ ಕಾರಿನಲ್ಲಿ ಹಾಸಿದ್ದು ಅದೇ ಕಂಪನಿಯ ಬೇರೊಂದು ದೊಡ್ಡ ಗಾಡಿಯ ದಪ್ಪ ರಬ್ಬರ್ ಮ್ಯಾಟು. ಕೊಕ್ಕೆಗೆ ಸರಿಯಾಗಿ ಸಿಕ್ಕಿಸಿರಲಿಲ್ಲ. ಪೆಡಲು ಅದರಲ್ಲಿ ಸಿಕ್ಕಿಕೊಂಡಿತ್ತು. ಇನ್ನೂ ಹೊಟ್ಟೆ ಉರಿಯುವ ಮಾತೆಂದರೆ, ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬರಿಗೂ ಹಾಗೇ ಆಗಿತ್ತು. ಅವರು ಬಂದು ಹೇಳಿಯೂ ಇದ್ದರು. ಕಿವಿಗೆ ಹಾಕಿಕೊಂಡವರಿಲ್ಲ.

ಲೆಕ್ಸಸ್ ಎಂದರೆ ಟೊಯೋಟಾದವರದೇ. ಅದಕ್ಕೆ ಮೊದಲೇ, 2007ರಲ್ಲಿ ಆ ಕಂಪನಿ ಸುಮಾರು 55,000 ಮ್ಯಾಟುಗಳನ್ನು ವಾಪಸು ಕರೆಸಿಕೊಂಡಿತ್ತು. 2009ರ ದುರಂತವಾದ ಮೇಲೆ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ, ಮೊದಲು ಮ್ಯಾಟು ತೆಗೆದು ಹೊರಗೆ ಹಾಕಿ ಎಂದು ಹೇಳಬೇಕಾಯಿತು. ಪೆಡಲಿನ ತುದಿ ಕತ್ತರಿಸಿ ಗಿಡ್ಡ ಮಾಡಿದರು. ಹಲವು ಕಾರುಗಳಿಗೆ, ಬ್ರೇಕು ತುಳಿದ ಕೂಡಲೇ ಆಕ್ಸಿಲರೇಟರಿನ ಜೋರು ತಾನಾಗೇ ಕಡಿಮೆಯಾಗುವ ವ್ಯವಸ್ಥೆ ಕೂರಿಸಿದರು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರ ದಾರಿ ತಪ್ಪಿಸಿದ್ದಕ್ಕಾಗಿ 2014ರಲ್ಲಿ ಕಂಪನಿ ಅಮೆರಿಕಾ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಿತು. ಮ್ಯಾಟಿನ ಕಥೆ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ!

ಅಂಗಡಿಯಲ್ಲಿ ಅಂದ ಕೇಳ್ತಾರೆ, ಹಿಡಿತ ಕೇಳಲ್ಲ

ಅಮೆರಿಕಾದ ಮಾತು ಹಾಗಿರಲಿ. ನಮ್ಮ ಬಿ.ಎಚ್. ರಸ್ತೆಯ ಕಾರು ಅಲಂಕಾರದ ಅಂಗಡಿಯೊಂದಕ್ಕೆ ಗಿರಾಕಿಯಂತೆ ಹೋದೆ. ಮ್ಯಾಟು ತೋರಿಸಿ ಅಂದದ್ದೇ ತಡ, ಗೋಡೆ ತುಂಬ ಬಣ್ಣ ಬಣ್ಣ.

ಚರ್ಮದಂತೆ ಕಾಣುವ, ಒಳಗೆ ಫೋಮು ತುಂಬಿದ 7ಡಿ ಮ್ಯಾಟು ಈಗಿನ ಫ್ಯಾಷನ್ನು. ಬಾಗಿಲಂಚಿನ ತನಕ ಮೇಲೇರಿ ಕೂರುತ್ತದೆ, ಚೆಂದ ಕಾಣುತ್ತದೆ. ಆದರೆ ದಪ್ಪ. ಅದರ ದಪ್ಪದಷ್ಟು ಪೆಡಲಿನ ಕೆಳಗಿನ ಜಾಗ ಕಡಿಮೆಯಾಗುತ್ತದೆ. ಕೆಳಗೆ ನೀರು ಸೇರಿದರೂ ತಿಳಿಯುವುದಿಲ್ಲ. ವಾಸನೆ ಬಂದಾಗಲೇ ಗೊತ್ತಾಗುವುದು. ಶಾವಿಗೆ ಚೆಲ್ಲಿದಂತಿರುವ ಪ್ಲಾಸ್ಟಿಕ್ ಮ್ಯಾಟು ಧೂಳನ್ನೆಲ್ಲ ನುಂಗುತ್ತದೆ, ಕೊಡವಲು ಹರಸಾಹಸ ಬೇಕು. ಅಗ್ಗದ ಪಿವಿಸಿ ಮ್ಯಾಟು ಹೊಸದರಲ್ಲಿ ಮೆತ್ತಗಿರುತ್ತದೆ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ಬಿಸಿಲಿಗೆ ನಿಂತ ಕಾರಿನ ಕಾವಿಗೆ ಮೆಲ್ಲಗೆ ಆವಿಯಾಗುತ್ತದೆ. ವರ್ಷ ಕಳೆಯುವುದರಲ್ಲಿ ಮ್ಯಾಟು ಹಪ್ಪಳದಂತೆ ಬಿರುಸಾಗಿ ಮೂಲೆಗಳು ಮೇಲೇಳುತ್ತವೆ. ಮೇಲೆದ್ದ ಮೂಲೆ ಎಂದರೆ ಪೆಡಲಿಗೆ ಹಾಕಿದ ಉರುಳು.

ಗಟ್ಟಿ ರಬ್ಬರಿನದು ಒಂದೇ ಮೂಲೆಯಲ್ಲಿ ಕಪ್ಪಗೆ ಕೂತಿತ್ತು. "ಅದನ್ನ ಯಾರೂ ಕೇಳಲ್ಲ ಸಾರ್, ನೋಡೋಕೆ ಚೆನ್ನಾಗಿಲ್ಲ" ಎಂದರು ಅಂಗಡಿಯವರು. "ಜಾರಲ್ವಾ ಅಂತ ಯಾರಾದ್ರೂ ಕೇಳ್ತಾರಾ?" ಎಂದೆ. ಅವರು ನಕ್ಕರು. "ಬಣ್ಣ ಸೀಟಿಗೆ ಮ್ಯಾಚ್ ಆಗುತ್ತಾ ಅಂತ ಕೇಳ್ತಾರೆ."

ಕುಷನ್ ಭಾಯ್ ಪ್ರಯೋಗಶಾಲೆ

ಹಾಗಾದರೆ ಜಾರದ, ಬಾಳಿಕೆ ಬರುವ ಮ್ಯಾಟು ಹೇಗಿರಬೇಕು? ಇದನ್ನು ಬಿಡಿಸಿ ಹೇಳಿದವರು ಎಂಜಿನಿಯರಲ್ಲ, ಸೀಟಿಗೆ ಕುಷನ್ ಹೊಲಿಯುವ ಒಬ್ಬ ಹಿರಿಯರು. ಅಂಬಾಸಿಡರ್ ಕಾಲದಿಂದ ಈ ಕೆಲಸದಲ್ಲಿರುವವರು. ಊರಿನ ಡ್ರೈವರುಗಳಿಗೆಲ್ಲ ಅವರು ಭಾಯ್.

"ಭಾಯ್, ಮ್ಯಾಟ್ ಯಾಕೆ ಜಾರುತ್ತೆ?" ಎಂದೆ.

"ಅದು ಜಾರಲ್ಲ ಸಾರ್, ನಾವೇ ತಳ್ತೀವಿ" ಎಂದು ಕಾಲು ಚಾಚಿ ತೋರಿಸಿದರು. ಪೆಡಲು ಒತ್ತುವಾಗ ಹಿಮ್ಮಡಿ ನೆಲಕ್ಕೆ ಊರಿರುತ್ತದೆ. ಪ್ರತಿ ಸಲ ಒತ್ತಿದಾಗಲೂ ಹಿಮ್ಮಡಿ ಮ್ಯಾಟನ್ನು ಕೂದಲೆಳೆಯಷ್ಟು ಮುಂದಕ್ಕೆ ನೂಕುತ್ತದೆ. ಊರೊಳಗಿನ ಓಡಾಟದಲ್ಲಿ ದಿನಕ್ಕೆ ಎಷ್ಟು ಸಲ ಒತ್ತುತ್ತೇವೋ ಲೆಕ್ಕವಿಲ್ಲ. ಅದಕ್ಕೇ ಮ್ಯಾಟು ಹಿಂದಕ್ಕೆ ಬರುವುದಿಲ್ಲ, ಯಾವತ್ತೂ ಮುಂದಕ್ಕೇ ಹೋಗುತ್ತದೆ. ಮುಂದೆ ಇರುವುದು ಪೆಡಲು!

ಭಾಯ್ ಮಾಡಿದ ಮೊದಲ ಮ್ಯಾಟು ಸೋತಿತು. ಕೆಳಗೆ ಮುಳ್ಳು ಮುಳ್ಳಾಗಿರುವ ರಬ್ಬರು ತಂದು ಕತ್ತರಿಸಿ ಹಾಕಿದರಂತೆ. ನೆಲಕ್ಕೆ ಕಾರ್ಪೆಟ್ ಇದ್ದ ಕಾರಿನಲ್ಲಿ ಮುಳ್ಳು ನಾರಿನೊಳಗೆ ಇಳಿದು ಗಟ್ಟಿಯಾಗಿ ಕೂತಿತು. ಅದನ್ನೇ ನುಣುಪು ರೆಕ್ಸಿನ್ ನೆಲದ ಗಾಡಿಗೆ ಹಾಕಿದರೆ, ಮುಳ್ಳಿನ ತುದಿಗಳಷ್ಟೇ ತಾಗಿ ಬಾತುಕೋಳಿಯಂತೆ ತೇಲಾಡಿತು. ನುಣುಪು ನೆಲಕ್ಕೆ ಮೈಯೆಲ್ಲ ತಾಗುವ ಮೆತ್ತನೆ ರಬ್ಬರೇ ಆಗಬೇಕು, ನೀರು ಹರಿದುಹೋಗಲು ನಡುವೆ ಗೀರುಗಳಿರಬೇಕು. ಎರಡನೇ ಸಲ ಅಂಟುಪಟ್ಟಿ ಹೊಲಿದರು. ಕೆಸರು ತುಂಬಿ ಅದರ ಹಿಡಿತ ಹೋಯಿತು.

ಮೂರನೆಯದು ಗೆದ್ದಿತು. ಈಗ ಅವರು ಮಾಡುವ ಕ್ರಮ ಹೀಗಿದೆ. ಮೊದಲು ಕಾರಿನೊಳಗೆ ರಟ್ಟು ಹಾಸಿ, ಪೆಡಲುಗಳ ಕೆಳಗೆ ಎಷ್ಟು ಬಿಡಬೇಕೋ ಅಷ್ಟು ಕೊರೆದು ಅಚ್ಚು ತೆಗೆಯುತ್ತಾರೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗಲೂ ಅದರ ತುದಿ ಮ್ಯಾಟಿಗೆ ತಾಗಬಾರದು, ಇದು ಮೊದಲ ಕಟ್ಟಳೆ. ಆಮೇಲೆ ಕಂಪನಿಯ ಕೊಕ್ಕೆ ಎಲ್ಲಿದೆಯೋ ಅಲ್ಲಿಗೇ ತೂತು ಹೊಡೆದು, ತೂತು ಹರಿಯದಂತೆ ಹಿತ್ತಾಳೆ ಬಳೆ ಕೂರಿಸುತ್ತಾರೆ. ಹಿಮ್ಮಡಿ ಊರುವ ಕಡೆ ಮಾತ್ರ ಇನ್ನೊಂದು ತೇಪೆ. ಯಾಕೆಂದರೆ ಮ್ಯಾಟು ಮೊದಲು ತೂತು ಬೀಳುವುದೇ ಅಲ್ಲಿ, ಆ ತೂತಿಗೆ ಚಪ್ಪಲಿ ಸಿಕ್ಕಿ ಕಾಲು ಬ್ರೇಕಿಗೆ ಹೋಗುವುದು ತಡವಾಗುತ್ತದೆ. ಸುತ್ತ ತಗ್ಗಾದ ಅಂಚು ಇರುತ್ತದೆ, ಕೆಸರು ನೀರು ಒಳಗೇ ನಿಲ್ಲುತ್ತದೆ. ಪೆಡಲಿನ ಕಡೆ ಮಾತ್ರ ಅಂಚು ಇಲ್ಲ.

ಬಾಳಿಕೆಗೆ ಕರಿ ರಬ್ಬರೇ ಮೇಲು ಅನ್ನುತ್ತಾರೆ ಭಾಯ್. ಅದರಲ್ಲಿ ನ್ಯಾಯವಿದೆ. ಕಪ್ಪು ಬಣ್ಣ ಕೊಡುವುದು ರಬ್ಬರಿಗೆ ಬೆರೆಸುವ ಮಸಿಯಂಥ ಇಂಗಾಲದ ಪುಡಿ. ಟೈರು ಕಪ್ಪಗಿರುವುದೂ ಅದರಿಂದಲೇ. ಸವೆತವನ್ನೂ ಬಿಸಿಲನ್ನೂ ರಬ್ಬರು ತಡೆದುಕೊಳ್ಳುವುದು ಅದರ ಬಲದಿಂದ. ಆದರೆ ಮಾಮೂಲಿ ರಬ್ಬರಿಗೆ ಆಯಿಲು, ಗ್ರೀಸು ಆಗದು, ಊದಿಕೊಳ್ಳುತ್ತದೆ. ಗ್ಯಾರೇಜಿನವರಿಗೆ ನೈಟ್ರೈಲ್ ರಬ್ಬರಿನದು ಒಳ್ಳೆಯದು.

"ನಮ್ಮ ತಿಪಟೂರು ಕಡೆ ತೆಂಗಿನ ನಾರು ಬೇಕಾದಷ್ಟಿದೆ, ನಾರಿನ ಮ್ಯಾಟ್ ಆಗಲ್ವಾ?" ಎಂದು ಕೇಳಿದೆ. ನಾರು ಬೇಗ ಕೊಳೆಯುವುದಿಲ್ಲ, ತೋಟದ ಮಣ್ಣನ್ನು ಚೆನ್ನಾಗಿ ಕೆರೆದುಕೊಳ್ಳುತ್ತದೆ ಎಂದು ಒಪ್ಪಿದರು. "ಆದ್ರೆ ಬರೀ ನಾರು ಜಾರುತ್ತೆ, ಬೆನ್ನಿಗೆ ರಬ್ಬರ್ ಬೇಕು. ಹಿಂದಿನ ಸೀಟಿಗೆ ಹಾಕಿ, ಚೆನ್ನಾಗಿರುತ್ತೆ. ಡ್ರೈವರ್ ಕಾಲಡಿಗೆ ಬೇಡ." ನಮ್ಮ ಜಿಲ್ಲೆಯ ನಾರಿನ ಉದ್ಯಮದವರು ಈ ಮಾತಿನ ಕಡೆ ಕಿವಿಗೊಟ್ಟರೆ ನಷ್ಟವೇನೂ ಇಲ್ಲ.

ಇವತ್ತೇ ನೋಡಿಕೊಳ್ಳಿ

ಹೊಸ ಮ್ಯಾಟು ಕೊಳ್ಳುವುದು ನಾಳೆಯ ಮಾತು. ಇವತ್ತು ಸಂಜೆ ಕಾರು ನಿಲ್ಲಿಸಿದಾಗ ಕಾಸು ಖರ್ಚಿಲ್ಲದ ಪರೀಕ್ಷೆ ಮಾಡಿ. ಇಂಜಿನ್ ಬಂದ್ ಮಾಡಿ. ಆಕ್ಸಿಲರೇಟರನ್ನು ಕೈಯಲ್ಲಿ ತಳದವರೆಗೆ ಒತ್ತಿ ಬಿಡಿ. ಮ್ಯಾಟಿಗೆ ತಾಗಿದರೆ ಅಥವಾ ತಡವರಿಸಿ ಮೇಲೆ ಬಂದರೆ, ಮ್ಯಾಟನ್ನು ತೆಗೆದು ಡಿಕ್ಕಿಗೆ ಹಾಕಿ. ಬರಿ ನೆಲದ ಮೇಲೆ ಓಡಿಸಿದರೆ ಕೊಳೆಯಾಗುತ್ತದೆ ಅಷ್ಟೇ, ಕೊಲೆಯಾಗುವುದಿಲ್ಲ. ಆಮೇಲೆ ಹಿಮ್ಮಡಿಯಿಂದ ಮ್ಯಾಟನ್ನು ಜೋರಾಗಿ ಮುಂದಕ್ಕೆ ನೂಕಿ. ಜರುಗಿದರೆ ಅದು ನಾಲಾಯಕ್ಕು.

ಒಂದರ ಮೇಲೊಂದು ಮ್ಯಾಟು ಬೇಡವೇ ಬೇಡ. ಕೆಳಗಿನದಕ್ಕೆ ಕೊಕ್ಕೆ ಇದ್ದರೂ ಮೇಲಿನದು ಅನಾಥ. ವಾಟರ್ ಸರ್ವಿಸಿನವರು ಹಾಸುವ ಕಾಗದವನ್ನು ಡ್ರೈವರ್ ಕಡೆಯಿಂದ ತೆಗೆದೆಸೆಯಿರಿ. ಮ್ಯಾಟಿಗೂ ಪೆಡಲಿಗೂ ಪಾಲಿಷ್ ಹಚ್ಚಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ. ಚಪ್ಪಲಿ ಬಿಚ್ಚಿ ಪೆಡಲಿನ ಪಕ್ಕ ಇಡುವುದು, ನೀರಿನ ಬಾಟ್ಲಿ ಕಾಲ ಬುಡದಲ್ಲಿ ಉರುಳಾಡಲು ಬಿಡುವುದು, ತೋಟದಿಂದ ಬರುವಾಗ ತೆಂಗಿನಕಾಯಿ ಮುಂದೆ ಹಾಕಿಕೊಳ್ಳುವುದು, ಇವೂ ಯಮನ ತಮ್ಮಂದಿರೇ.

ಪೆಡಲು ಸಿಕ್ಕಿಕೊಂಡೇಬಿಟ್ಟರೆ? ಬಗ್ಗಿ ಕೈ ಹಾಕಬೇಡಿ. ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ. ಗೇರಿಲ್ಲದ ಆಟೋಮ್ಯಾಟಿಕ್ ಕಾರಾದರೂ ಹಿಡಿಯನ್ನು 'ಎನ್'ಗೆ ತಳ್ಳಿ. ಇಂಜಿನ್ನು ಅರಚಿಕೊಂಡರೆ ಅರಚಲಿ. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿಯಿರಿ, ಬಿಟ್ಟು ಬಿಟ್ಟು ತುಳಿಯಬೇಡಿ. ಪೆಟ್ರೋಲು, ಗ್ಯಾಸಿನ ಕಾರುಗಳಲ್ಲಿ ಬ್ರೇಕಿಗೆ ಬಲ ಕೊಡುವುದು ಇಂಜಿನ್ನಿನ ಎಳೆತ. ಆಕ್ಸಿಲರೇಟರ್ ಪೂರ್ತಿ ತೆರೆದಿದ್ದಾಗ ಆ ಎಳೆತ ಹುಟ್ಟುವುದಿಲ್ಲ, ಉಳಿದಿದ್ದೂ ಒಂದೆರಡು ತುಳಿತಕ್ಕೆ ಮುಗಿಯುತ್ತದೆ. ನಮ್ಮ ಚಾಲಕರ ಬ್ರೇಕು ಎರಡನೇ ಸಲಕ್ಕೆ ಕಲ್ಲಾದ ಗುಟ್ಟು ಇದೇ. ಗಾಡಿ ನಿಂತ ಮೇಲೆ ಇಂಜಿನ್ ಬಂದ್ ಮಾಡಿ. ಓಡುವಾಗ ಕೀಲಿ ಎಳೆದರೆ ಸ್ಟೇರಿಂಗು ಲಾಕ್ ಆದೀತು, ಜೋಕೆ.

ಬಾಡಿಗೆ ಕಾರುಗಳು ಎಫ್.ಸಿ.ಗೆ ಬಂದಾಗ ಲೈಟು, ಹಾರನ್ನು ನೋಡುವ ಅಧಿಕಾರಿಗಳು ಡ್ರೈವರ್ ಕಡೆಯ ಬಾಗಿಲು ತೆಗೆದು ಒಂದು ಕ್ಷಣ ಕೆಳಗೂ ಕಣ್ಣು ಹಾಯಿಸಲಿ. ಕೊಕ್ಕೆಯಿಲ್ಲದ ಮ್ಯಾಟನ್ನು ಅಲ್ಲೇ ತೆಗೆಸಲಿ. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಾನೂನೂ ಬೇಡ, ಬಗ್ಗುವ ಸೊಂಟವೊಂದಿದ್ದರೆ ಸಾಕು.

ನಮ್ಮ ಚಾಲಕರು ಈಗ ತಮ್ಮ ಸ್ವಂತ ದುಡ್ಡಿನಲ್ಲಿ ಭಾಯ್ ಹತ್ತಿರ ಒಂದು ಕರಿ ಮ್ಯಾಟು ಮಾಡಿಸಿ ಹಾಕಿಕೊಂಡಿದ್ದಾರೆ. ಮಾಲೀಕರ ಕಾರಿಗೆ ಇವರ ಮ್ಯಾಟು! ಯಾಕಣ್ಣಾ ಅಂತ ಕೇಳಿದ್ದಕ್ಕೆ ಚಹಾ ಲೋಟ ಕೆಳಗಿಟ್ಟು ಹೇಳಿದರು: "ಕಾರು ಅವರದು ಸಾರ್. ಕಾಲು ನಂದು. ಹಿಂದೆ ಮಲಗಿರೋ ಮಗು ಯಾರದ್ದೋ."

ಬಂಪರಿನ ದುಡ್ಡು ಮುರಿದುಕೊಂಡ ಮಾಲೀಕರು ಈ ಪತ್ರಿಕೆ ಓದುತ್ತಾರೆಂದು ಕೇಳಿದ್ದೇನೆ. ಓದಿದ್ದರೆ, ಆ ದುಡ್ಡನ್ನು ವಾಪಸು ಕೊಡಲು ಇನ್ನೂ ಕಾಲ ಮಿಂಚಿಲ್ಲ.