ಹತ್ತು ಡಾಲರಿನ ಕ್ಯಾಮೆರಾ

1967ರ ಸೆಪ್ಟೆಂಬರಿನಲ್ಲಿ ಕೆನಡಾದ ನಿರ್ದೇಶಕರೊಬ್ಬರ ಸಿನಿಮಾ ತಂಡವೊಂದು ಅಮೆರಿಕದ ಕೆಂಟಕಿ ರಾಜ್ಯದ ಲೆಚರ್ ಕೌಂಟಿಗೆ ಬಂದಿತ್ತು. ಕಲ್ಲಿದ್ದಲು ಗಣಿಯ ಕೆಲಸಗಾರನೊಬ್ಬನ ಬಾಡಿಗೆ ಮನೆಯ ಮುಂದೆ, ಅವನ ಒಪ್ಪಿಗೆ ಪಡೆದೇ, ಚಿತ್ರೀಕರಣ ನಡೆದಿತ್ತು. ಜಾಗದ ಮಾಲೀಕ ಹೋಬರ್ಟ್ ಐಸನ್ ಪಿಸ್ತೂಲು ಹಿಡಿದು ಬಂದು ಹೊರಡಿ ಎಂದು ಗದರಿಸಿದ. ತಂಡ ಸಾಮಾನು ಎತ್ತಿಕೊಂಡು ಹೊರಟಿರುವಾಗಲೇ ಗುಂಡು ಹಾರಿಸಿದ. ನಿರ್ದೇಶಕ ಹ್ಯೂ ಓಕಾನರ್ ಅಲ್ಲೇ ಸತ್ತರು. ಆಶ್ಚರ್ಯವೆಂದರೆ ಊರಿನ ಬಹಳಷ್ಟು ಮಂದಿ ನಿಂತದ್ದು ಕೊಂದವನ ಪರ. ಕೋರ್ಟು ಹತ್ತು ವರ್ಷದ ಶಿಕ್ಷೆ ಕೊಟ್ಟರೂ ಒಂದೇ ವರ್ಷಕ್ಕೆ ಅವನು ಪೆರೋಲ್ ಮೇಲೆ ಹೊರಬಂದ.

ಕೊಲೆಗೆ ಯಾವ ಸಮಜಾಯಿಷಿಯೂ ಇಲ್ಲ. ಊರಿನವರ ಸಿಟ್ಟಿಗೆ ಮಾತ್ರ ಕಾರಣವಿತ್ತು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದ ನಂತರ ಅಪಲೇಚಿಯನ್ ಬೆಟ್ಟಸೀಮೆಗೆ ಪತ್ರಿಕೆಯವರು, ಟಿವಿಯವರು ಒಬ್ಬರ ಹಿಂದೊಬ್ಬರು ಬಂದಿದ್ದರು. ಬರಿಗಾಲಿನ ಮಕ್ಕಳು, ಮುರಿದ ಜಗಲಿ, ಮಸಿ ಹಿಡಿದ ಮುಖ: ಇಷ್ಟು ಸಿಕ್ಕಿದರೆ ಅವರಿಗೆ ಸಾಕು. ತೆಗೆದ ಫೋಟೊ ಹೇಗೆ ಬಂತು, ಎಲ್ಲಿ ಅಚ್ಚಾಯಿತು ಎಂದು ಫೋಟೊದಲ್ಲಿದ್ದವರಿಗೆ ತಿಳಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಓಕಾನರ್ ಕೊಲೆಯ ಬಗ್ಗೆ 2000ದಲ್ಲಿ ‘ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ’ ಎಂಬ ಸಾಕ್ಷ್ಯಚಿತ್ರ ಮಾಡಿದ ಎಲಿಜಬೆತ್ ಬ್ಯಾರೆಟ್ ಈ ಸಂಕಟವನ್ನು ಒಳಗಿನವರಾಗಿ ಬಿಡಿಸಿಟ್ಟಿದ್ದಾರೆ.

ಇಂಥ ಊರಿಗೆ 1975ರಲ್ಲಿ ಫೋಟೊಗ್ರಾಫರ್ ವೆಂಡಿ ಈವಾಲ್ಡ್ ಬಂದರು. ಡೆಟ್ರಾಯಿಟ್ ನಗರದಲ್ಲಿ 1951ರಲ್ಲಿ ಹುಟ್ಟಿದವರು. ಪರವೂರಿನವರು, ಕೈಯಲ್ಲಿ ಕ್ಯಾಮೆರಾ ಬೇರೆ. ಊರಿನವರ ಫೋಟೊ ತೆಗೆಯಬೇಕೆಂಬ ಆಸೆ ಅವರಿಗೂ ಇತ್ತು. ಆದರೆ ಅವರ ಹೆಸರು ಉಳಿದದ್ದು ಅಲ್ಲಿನ ಪುಟ್ಟ ಶಾಲೆಗಳಲ್ಲಿ ಮಕ್ಕಳಿಗೆ ಫೋಟೊಗ್ರಫಿ ಹೇಳಿಕೊಟ್ಟದ್ದರಿಂದ.

ಅವರು ಮಕ್ಕಳಿಗೆ ಕ್ಯಾಮೆರಾ ಪುಕ್ಕಟೆ ಹಂಚಲಿಲ್ಲ, ಹತ್ತು ಡಾಲರಿಗೆ ಮಾರಿದರು. ಕೊಡಾಕ್ ಕಂಪನಿಯ ಇನ್‌ಸ್ಟಾಮ್ಯಾಟಿಕ್ ಅದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ರೀಲನ್ನು ಹಿಂಬದಿಯಿಂದ ಇಟ್ಟು ಮುಚ್ಚಿದರಾಯಿತು. ಸುತ್ತಿ ಸಿಕ್ಕಿಸುವ ರಗಳೆಯಿಲ್ಲ, ಫೋಕಸ್ ತಿರುಗಿಸುವ ಕೆಲಸವೂ ಇಲ್ಲ. ಆ ಸೀಮೆಯ ಮಗುವಿಗೆ ಹತ್ತು ಡಾಲರ್ ಸಣ್ಣ ದುಡ್ಡಲ್ಲ, ಅಷ್ಟಿಷ್ಟು ಕೆಲಸ ಮಾಡಿ ಹೊಂದಿಸಬೇಕು. ದಾನದ ಲೆಕ್ಕದಲ್ಲಿ ನೋಡಿದರೆ ಇದು ಜಿಪುಣತನ. ನನಗೇನೋ ಈವಾಲ್ಡ್ ಅವರ ಇಡೀ ವೃತ್ತಿಯಲ್ಲಿ ಎಲ್ಲಕ್ಕಿಂತ ಜಾಣ ನಿರ್ಧಾರ ಇದೇ ಅನಿಸುತ್ತದೆ. ದುಡ್ಡು ಕೊಟ್ಟು ಕೊಂಡ ಕ್ಯಾಮೆರಾ ಮಗುವಿನದು. ಅದರಲ್ಲಿ ತೆಗೆದದ್ದಕ್ಕೆ ಟೀಚರಿಗೆ ಋಣ ತೀರಿಸಬೇಕಿಲ್ಲ, ಅವರು ಮೆಚ್ಚುವಂಥದ್ದನ್ನೇ ತೆಗೆಯಬೇಕೆಂದೂ ಇಲ್ಲ.

ರೀಲು ತೊಳೆಯುವುದು, ಪ್ರಿಂಟ್ ಹಾಕುವುದು ಎಲ್ಲ ಮಕ್ಕಳದೇ ಕೆಲಸ. ಕೆಂಪು ದೀಪದ ಮಬ್ಬಿನಲ್ಲಿ, ಟ್ರೇಯ ದ್ರಾವಣದೊಳಗೆ, ಬಿಳಿ ಕಾಗದದ ಮೇಲೆ ಅಜ್ಜಿಯ ಮುಖ ಮೆಲ್ಲಗೆ ಮೂಡುವುದನ್ನು ನೋಡಿದ ಮಗುವಿಗೆ ಫೋಟೊ ಎಂದರೆ ಗುಂಡಿ ಒತ್ತಿದರೆ ಬೀಳುವ ವಸ್ತುವಲ್ಲ, ತಾನು ಮಾಡಿದ್ದು. ಮೊಬೈಲಿನಲ್ಲಿ ದಿನಕ್ಕೆ ನೂರು ಪಟ ಹೊಡೆಯುವ ನಮಗೆ ಈ ಸುಖ ಹೇಳಿದರೆ ಅರ್ಥವಾಗುವುದು ಕಷ್ಟ.

ಏನು ತೆಗೆಯಬೇಕು? ಈವಾಲ್ಡ್ ಕೊಟ್ಟ ವಿಷಯಗಳು ಸರಳ: ನೀನು, ನಿನ್ನ ಮನೆಯವರು, ನಿನ್ನ ಪ್ರಾಣಿಗಳು, ಕೊನೆಗೆ ನಿನ್ನ ಕನಸು. ಮೊದಲ ಮೂರಕ್ಕೆ ಹಂದಿ, ನಾಯಿ, ಅಪ್ಪ, ಅಮ್ಮ ಬಂದರು. ಕನಸು ಎಂದದ್ದೇ ತಡ, ಮಕ್ಕಳು ನಾಟಕದವರಾದರು. ಕನಸನ್ನು ಕ್ಯಾಮೆರಾದಲ್ಲಿ ಹಿಡಿಯಲಾಗದು, ಕಟ್ಟಿ ನಿಲ್ಲಿಸಬೇಕು. ಯಾರು ಎಲ್ಲಿ ನಿಲ್ಲಬೇಕು, ಹೇಗೆ ಮಲಗಬೇಕು ಎಂದು ಹೇಳಿ ಮಾಡಿಸಬೇಕು. ಒಬ್ಬ ಹುಡುಗ ಜೀವದ ಗೆಳೆಯನನ್ನು ಕೊಂದಂತೆ ಕನಸು ಕಂಡಿದ್ದ. ಅದೇ ಗೆಳೆಯನನ್ನು ಕರೆದೊಯ್ದು, ಕವಲೊಡೆದ ಮರದ ಸಂದಿನಲ್ಲಿ ಸತ್ತವನಂತೆ ಮಲಗಿಸಿ, ಫೋಟೊ ತೆಗೆದ. ಒಬ್ಬ ಹುಡುಗಿ ಮನೆಯ ಚಿಕ್ಕ ಹುಡುಗರನ್ನು ಅನ್ಯಗ್ರಹದವರನ್ನಾಗಿ ಮಾಡಿದಳು. ಇಂಥ ಚಿತ್ರ ಹೊರಗಿನ ಯಾವ ಪತ್ರಿಕೆಯವನಿಗೂ ಸಿಗದು. ಅವನು ಬಡತನ ಹುಡುಕಿಕೊಂಡು ಬಂದಿರುತ್ತಾನೆ. ಈ ಮಕ್ಕಳ ಚಿತ್ರಗಳಲ್ಲೂ ಬಡತನ ಕಾಣುತ್ತದೆ, ಗೋಡೆಯ ಬಿರುಕಿನ ಹಾಗೆ ಹಿಂದೆಲ್ಲೋ. ಮುಂದೆ ನಿಂತಿರುವುದು ಭಯ, ತಮಾಷೆ, ಕುದುರೆ, ಸಾವು.

1982ರವರೆಗೆ ನಡೆದ ಈ ಕೆಲಸ 1985ರಲ್ಲಿ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾಯಿತು.

ಈ ಕೆಲಸದ ಬೀಜ ಕೆಂಟಕಿಗೂ ಹಿಂದಿನದು. 1969ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಈವಾಲ್ಡ್ ಕೆನಡಾದ ಲ್ಯಾಬ್ರಡಾರಿನಲ್ಲಿ ‘ಇನ್ನು’ ಎಂಬ ಆದಿವಾಸಿ ಸಮುದಾಯದ ಮಕ್ಕಳ ಜೊತೆ ಕೆಲಸ ಮಾಡಿದ್ದರು. ಪೋಲರಾಯ್ಡ್ ಕ್ಯಾಮೆರಾ ಕೊಟ್ಟು, ತಾವೂ ಅದೇ ಊರಿನ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮಕ್ಕಳ ಚಿತ್ರಗಳಲ್ಲಿ ತಮ್ಮವುಗಳಿಗಿಂತ ಹೆಚ್ಚಿನದು ಇದೆ ಎನಿಸಿತು. ಹಾಗೆನಿಸಿದ ಮೇಲೂ ಕ್ಯಾಮೆರಾ ಕೆಳಗಿಡದೆ, ಮಕ್ಕಳೂ ತಾವೂ ಸೇರಿ ತೆಗೆಯುವ ದಾರಿ ಹುಡುಕಿದ್ದು ಅವರ ವಿಶೇಷ. ಮುಂದೆ ಕೊಲಂಬಿಯಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ. 1992ರಲ್ಲಿ ಮೆಕಾರ್ಥರ್ ಫೆಲೋಶಿಪ್.

ಭಾರತಕ್ಕೂ ಬಂದರು. ಎಂಬತ್ತರ ದಶಕದ ಕೊನೆಗೆ ಗುಜರಾತಿನ ವಿಚ್ಯಾ ಎಂಬ ಹಳ್ಳಿಯಲ್ಲಿದ್ದು ಮಕ್ಕಳಿಗೆ ಫೋಟೊಗ್ರಫಿ ಕಲಿಸಿದರು. ಆ ಚಿತ್ರಗಳೂ ಮಾತುಗಳೂ 1996ರಲ್ಲಿ ‘ಐ ಡ್ರೀಮ್ಡ್ ಐ ಹ್ಯಾಡ್ ಎ ಗರ್ಲ್ ಇನ್ ಮೈ ಪಾಕೆಟ್’ ಎಂಬ ಪುಸ್ತಕವಾದವು. ನಮ್ಮ ಹಳ್ಳಿಯಲ್ಲಿ ಮಗು ಕ್ಯಾಮೆರಾ ಹಿಡಿದು ಹೊರಟರೆ ಯಾವ ಕೇರಿಗೆ ಹೋಗಬಹುದು, ಯಾರ ಮನೆಯ ಹೊಸಿಲು ದಾಟಬಹುದು ಎಂಬುದನ್ನು ಜಾತಿ ಮೊದಲೇ ನಿಶ್ಚಯಿಸಿರುತ್ತದೆ. ಹಾಗಾಗಿ ಇಂಥ ಪುಸ್ತಕ ಓದುವಾಗ ಫೋಟೊದಲ್ಲಿ ಏನಿದೆ ಎಂಬುದರಷ್ಟೇ, ಅದನ್ನು ಯಾವ ಮಗು ಎಲ್ಲಿ ನಿಂತು ತೆಗೆದದ್ದು ಎಂಬುದನ್ನೂ ನೋಡಬೇಕು.

ನನಗೆ ಹೆಚ್ಚು ಕಾಡಿದ್ದು ಉತ್ತರ ಕ್ಯಾರೊಲಿನಾದ ಡರಮ್ ಪಟ್ಟಣದ ಪ್ರಯೋಗ. ಡ್ಯೂಕ್ ವಿಶ್ವವಿದ್ಯಾಲಯದ ಆಸರೆಯಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಅವರು ‘ಲಿಟರಸಿ ಥ್ರೂ ಫೋಟೊಗ್ರಫಿ’ ಶುರುಮಾಡಿದರು. ಮಗು ಫೋಟೊ ತೆಗೆಯಬೇಕು, ಅದರ ಬಗ್ಗೆ ಬರೆಯಬೇಕು. ಕಾಲೇಜು ವಿದ್ಯಾರ್ಥಿಗಳು ತರಗತಿಗೆ ಬಂದು ಜೊತೆಗೆ ಕೂರುತ್ತಿದ್ದರು. ಮುಂದೆ ನಗರದ, ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಗಳನ್ನೂ ಸುತ್ತಿನ, ಹೆಚ್ಚಾಗಿ ಬಿಳಿ ಮಕ್ಕಳ ಶಾಲೆಗಳನ್ನೂ ಒಂದೇ ಆಡಳಿತಕ್ಕೆ ತಂದರು. ಅದಾದ ಮೇಲೆ ಈವಾಲ್ಡ್ ಮಕ್ಕಳಿಗೆ ಹೇಳಿದ್ದು: ನಿನ್ನನ್ನು ನೀನು ಬರೆ, ಆಮೇಲೆ ನೀನು ಬೇರೆ ಬಣ್ಣದವನಾಗಿದ್ದರೆ ಹೇಗಿರುತ್ತಿದ್ದೆ ಎಂದೂ ಬರೆ. ಎರಡಕ್ಕೂ ಮಗು ತಾನೇ ವೇಷ, ಭಂಗಿ ಆರಿಸಿಕೊಳ್ಳಬೇಕು. ಈವಾಲ್ಡ್ ದೊಡ್ಡ ನೆಗೆಟಿವ್ ತೆಗೆದುಕೊಡುತ್ತಾರೆ. ಅದರ ಮೇಲೆ ಮಗು ಗೀಚಬಹುದು, ಬರೆಯಬಹುದು. ನೆಗೆಟಿವ್‌ನಲ್ಲಿ ಹೇಗೂ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹಾಳೆ ಎಲ್ಲಿ ಸಿಗಬೇಕು!

ಈವಾಲ್ಡ್ ಅವರ ಇನ್ನೊಂದು ಕೆಲಸದಲ್ಲಿ, ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿನಲ್ಲಿ, ಆಶ್ರಯ ಕೋರಿ ಬಂದವರನ್ನೂ ಒಳಗೊಂಡಂತೆ ಬೇರೆ ಊರುಗಳಿಂದ ಬಂದು ಸೇರಿದ ಮಕ್ಕಳ ಮುಖಗಳು, ಅವರ ಪಾಲಿಗೆ ಉಳಿದ ಸಾಮಾನುಗಳು ಆಳೆತ್ತರ ಮೀರಿದ ಬ್ಯಾನರುಗಳಾಗಿ ಸಮುದ್ರದ ಗೋಡೆಯ ಮೇಲೆ ನಿಂತವು. ನಮ್ಮಲ್ಲಿ ಬ್ಯಾನರ್ ಎಂದರೆ ಹುಟ್ಟುಹಬ್ಬದ ಪುಢಾರಿ.

ತಕರಾರುಗಳೂ ಇವೆ. ಇವು ಯಾರ ಚಿತ್ರಗಳು? ಪುಸ್ತಕದೊಳಗೆ ಚಿತ್ರದ ಜೊತೆ ಮಗುವಿನ ಹೆಸರಿದ್ದರೂ ವಿಟ್ನಿ ಬೈಯೆನಿಯಲ್‌ನಂಥ ದೊಡ್ಡ ಪ್ರದರ್ಶನಕ್ಕೆ 1997ರಲ್ಲಿ ಆಹ್ವಾನ ಬಂದದ್ದು ಈವಾಲ್ಡ್ ಹೆಸರಿಗೆ. ವಿಷಯ ಕೊಟ್ಟದ್ದು ಅವರು, ಆರಿಸಿ ಜೋಡಿಸಿದ್ದೂ ಅವರು. ‘ಮಕ್ಕಳೇ ತೆಗೆದದ್ದು’ ಎಂಬುದು ಅರ್ಧ ನಿಜ ಮಾತ್ರ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಕೋಲ್ಕತ್ತಾದ ವೇಶ್ಯಾವಾಟಿಕೆಗಳ ಕೇರಿ ಸೋನಾಗಾಛಿಯ ಮಕ್ಕಳಿಗೆ ಕ್ಯಾಮೆರಾ ಕೊಟ್ಟ ಕಥೆಯ ‘ಬಾರ್ನ್ ಇಂಟು ಬ್ರಾಥೆಲ್ಸ್’ ಸಾಕ್ಷ್ಯಚಿತ್ರ 2005ರಲ್ಲಿ ಆಸ್ಕರ್ ಪಡೆದಾಗ ಇಂಥದೇ ವಾದ ಇನ್ನಷ್ಟು ಖಾರವಾಗಿ ಎದ್ದಿತ್ತು. ಈವಾಲ್ಡ್ ಪರವಾಗಿ ಹೇಳಬಹುದಾದದ್ದು ಕಾಲಾವಧಿ: ಕೆಂಟಕಿಯಲ್ಲಿ ಏಳು ವರ್ಷ. ಅಷ್ಟಕ್ಕೂ ನಿಲ್ಲಿಸದೆ, ದಶಕಗಳ ನಂತರ ಆ ಮಕ್ಕಳನ್ನು ಹುಡುಕಿಕೊಂಡು ಹೋಗಿ, ನಡುವಯಸ್ಸಿಗೆ ಬಂದ ಅವರ ಬಾಯಿಂದಲೇ ಹಳೆಯ ಚಿತ್ರಗಳ ಕಥೆ ಹೇಳಿಸಿ, ಬ್ಯಾರೆಟ್ ಜೊತೆಗೂಡಿ 2020ರಲ್ಲಿ ಸಿನಿಮಾ ಮಾಡಿದರು.

ನಮ್ಮ ನಡುವೆಯೂ ಈ ದಾರಿಯವರಿದ್ದಾರೆ. ಮುಂಬೈನ ಪಾರ್ಥೋ ಭೌಮಿಕ್ 2006ರಿಂದ ‘ಬ್ಲೈಂಡ್ ವಿತ್ ಕ್ಯಾಮೆರಾ’ ಹೆಸರಿನಲ್ಲಿ ದೃಷ್ಟಿ ಇಲ್ಲದವರಿಗೆ, ಮಂದದೃಷ್ಟಿಯವರಿಗೆ ಫೋಟೊಗ್ರಫಿ ಕಲಿಸುತ್ತ ಬಂದವರು. ಸದ್ದು, ಸ್ಪರ್ಶ, ಮುಖಕ್ಕೆ ತಾಗುವ ಬಿಸಿಲಿನ ಕಾವು, ನೆನಪು ಇವೇ ಅಲ್ಲಿ ಅಳತೆಗೋಲು. ಮದುರೆ ಸೀಮೆಯಲ್ಲಿ ಮೀನು ಮಾರುವ ತಾಯಿಯ ಮಗನಾಗಿ ಬೆಳೆದ ಎಂ. ಪಳನಿ ಕುಮಾರ್ ಉತ್ತರ ಚೆನ್ನೈನ ಮಕ್ಕಳಿಗೆ ಕ್ಯಾಮೆರಾ ಹಿಡಿಯಲು ಹೇಳಿಕೊಟ್ಟಿದ್ದಾರೆ. ಅವರು ಹೊರಗಿನಿಂದ ಬಂದವರಲ್ಲ, ಅದೇ ಬದುಕಿನೊಳಗಿನವರು ಎಂಬುದು ದೊಡ್ಡ ವ್ಯತ್ಯಾಸ.

ಶಾಲೆಯಲ್ಲಿ ಇದನ್ನು ಮಾಡಿನೋಡುವ ಮನಸ್ಸಿರುವ ಮೇಷ್ಟ್ರುಗಳಿಗೆಂದೇ ಈವಾಲ್ಡ್ 2001ರಲ್ಲಿ ‘ಐ ವಾನ್ನಾ ಟೇಕ್ ಮಿ ಎ ಪಿಕ್ಚರ್’ ಎಂಬ ಪುಸ್ತಕ ಬರೆದಿದ್ದಾರೆ. ಅವರ ಪಾಠ ಶುರುವಾಗುವುದು ಫೋಟೊ ತೆಗೆಯುವುದರಿಂದ ಅಲ್ಲ, ಓದುವುದರಿಂದ: ಬೇರೆ ಯಾರೋ ತೆಗೆದ ಒಂದು ಚಿತ್ರವನ್ನು ತರಗತಿಯ ಮುಂದಿಟ್ಟು, ಇದರಲ್ಲಿ ಏನೇನು ಕಾಣುತ್ತದೆ ಹೇಳಿ ಎನ್ನುವುದು. ಹಳೆಯ ಕ್ಯಾಲೆಂಡರ್, ಮನೆಯ ಮದುವೆ ಆಲ್ಬಮ್, ಪತ್ರಿಕೆಯ ಪುರವಣಿ, ಯಾವುದಾದರೂ ನಡೆಯುತ್ತದೆ.