ಗ್ರಹಣದ ದಿನ ನಾನು ಬರೆದದ್ದು

ಕಳೆದ ತಿಂಗಳು ಮೊಮ್ಮಗಳ ಶಾಲೆಯಲ್ಲಿ ಸೂರ್ಯಗ್ರಹಣದ ಪಾಠ ನಡೆದಿತ್ತು. ಸಂಜೆ ಮನೆಗೆ ಬಂದವಳೇ ಪಾಟೀಚೀಲ ಕೆಳಗಿಡುವ ಮೊದಲೇ ಕೇಳಿದಳು.

"ಅಜ್ಜಾ, ನೀ ಖಗ್ರಾಸ ಗ್ರಹಣ ನೋಡೀಯೇನು?"

"ನೋಡೀನೇನು ಅಂತ ಕೇಳ್ತೀಯಲ್ಲ! ಸವಣೂರಾಗ ಹಾಡಹಗಲ ಕತ್ತಲಿ ಆಗಿತ್ತು. ತಡಿ, ಡೈರ್ಯಾಗ ಬರದಿಟ್ಟೇನಿ" ಎಂದು ಜಂಬದಿಂದ ಎದ್ದೆ.

ಟ್ರಂಕಿನಿಂದ 1980ರ ಡೈರಿ ತೆಗೆದು ಫೆಬ್ರುವರಿ 16ರ ಪುಟ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು. "ಶನಿವಾರ. ಅರ್ಧ ದಿನ. ಕ್ಯಾಶ್ ಟ್ಯಾಲಿ ಆಯಿತು. ಮಧ್ಯಾಹ್ನ ಗ್ರಹಣ. ಸೀಮೆಎಣ್ಣೆ 5 ಲೀಟರ್."

ಪುಟ ತಿರುವಿದಳು. ಮುಂದಿನದು ಭಾನುವಾರ. ಅಲ್ಲಿ ಗ್ರಹಣದ ಸುದ್ದಿಯೇ ಇರಲಿಲ್ಲ.

"ಇಷ್ಟs ಏನಜ್ಜಾ?"

ಅಂದು ಚಂದ್ರನ ನೆರಳು ಅಂಕೋಲಾ ಕಡೆಯ ಕಡಲ ತೀರದಿಂದ ಒಳಗೆ ಬಂದು, ಹುಬ್ಬಳ್ಳಿ, ರಾಯಚೂರು ಸೀಮೆ ದಾಟಿ ಆಂಧ್ರದ ಕಡೆ ಹೋಯಿತು. ದೇಶ ವಿದೇಶದ ವಿಜ್ಞಾನಿಗಳು ಅದಕ್ಕಾಗಿಯೇ ನಮ್ಮ ರಾಜ್ಯಕ್ಕೆ ಬಂದು ದೂರದರ್ಶಕ ಹೂಡಿ ಕಾದಿದ್ದರು. ನೆರಳಿನ ದಾರಿಯಲ್ಲೇ ಇದ್ದ ಸವಣೂರಿನಲ್ಲಿ ನಾನು ಬರೆದದ್ದು ಇಷ್ಟು. ಅದರಲ್ಲೂ ಸೀಮೆಎಣ್ಣೆಗೆ ಸಿಕ್ಕ ಮರ್ಯಾದೆ ಸೂರ್ಯನಿಗೆ ಸಿಕ್ಕಿಲ್ಲ.

ನಾನು ಡೈರಿ ಬರೆಯಲು ತೊಡಗಿದ್ದು 1974ರಲ್ಲಿ, ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ ವರ್ಷ. ಆಗ ಜನವರಿ ಬಂತೆಂದರೆ ಬ್ಯಾಂಕಿನ ಡೈರಿಗೆ ಊರಿನವರೆಲ್ಲ ನೆಂಟರಾಗುತ್ತಿದ್ದರು. ಒಬ್ಬ ನೌಕರನಿಗೆ ಸಿಗುತ್ತಿದ್ದುದು ಒಂದೋ ಎರಡೋ. ಅದರಲ್ಲಿ ರಜೆಗಳ ಪಟ್ಟಿ, ಅಂಚೆ ದರ, ತಿಥಿ ನಕ್ಷತ್ರ, ಮೊದಲ ಪುಟದಲ್ಲಿ ನಮ್ಮ ರಕ್ತದ ಗುಂಪು, ವಿಮೆ ಪಾಲಿಸಿ ನಂಬರು ಬರೆಯುವ ಜಾಗ. ಹೆಚ್ಚಿನ ಮನೆಗಳಲ್ಲಿ ಅದು ಹಾಲಿನ ಲೆಕ್ಕ, ಅಗಸರ ಲೆಕ್ಕಕ್ಕೆ ಖರ್ಚಾಗುತ್ತಿತ್ತು. ನಾನು ದಿನಚರಿ ಬರೆದೆ.

ಇದು ನನ್ನ ಸ್ವಂತ ಬುದ್ಧಿಯಲ್ಲ. ನಮ್ಮ ತಂದೆಗೆ ಹಾನಗಲ್ಲಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇತ್ತು. ದೀಪ ಹಚ್ಚಿದ ಮೇಲೆ ರೋಜಕಿರ್ದಿ ಬರೆಯದೆ ಅವರು ಊಟಕ್ಕೆ ಕೂಡುತ್ತಿರಲಿಲ್ಲ. ಅವರ ಅಜ್ಜನ ಕಾಲದ ಒಂದು ಕಡತವೂ ನಮ್ಮ ಮನೆಯಲ್ಲಿತ್ತು. ಈಗ ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಒಣಗಿಸಿ, ಪಂಚಾಂಗದಂತೆ ಮಡಿಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಅಂಥ ಸೌಕರ್ಯ ನನ್ನ ಡೈರಿಗೆ ಇದ್ದಿದ್ದರೆ ಮುಂದೆ ಹೇಳುವ ಒಂದು ಪುಟ ಎಂದೋ ಮಾಯವಾಗುತ್ತಿತ್ತು.

ಡೈರಿ ಬರೆಯುವುದು ಒಳ್ಳೆಯ ಅಭ್ಯಾಸವೆಂದು ಎಲ್ಲರೂ ಹೇಳುತ್ತಾರೆ. ಗಾಂಧೀಜಿ ಹೇಳಿ ಬಿಡಲಿಲ್ಲ, ಬರೆಸಿದರು. 1930ರ ಮಾರ್ಚ್ 12ರಂದು ದಂಡಿಗೆ ಹೊರಟಾಗ ಸಂಗಡಿಗರಿಗೆ ಅವರು ಹಾಕಿದ ನಿತ್ಯದ ನಿಯಮಗಳು ಮೂರು: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ಆ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದಿನವಿಡೀ ನಡೆದು, ಪಾದಗಳಲ್ಲಿ ಗುಳ್ಳೆ ಎದ್ದಿದ್ದರೂ ಸಂಜೆ ಕೂತು ಬರೆಯಬೇಕು! ದಿನವಿಡೀ ಕುರ್ಚಿಯಲ್ಲಿ ಕೂತು ಬಂದ ನಾನು "ಇವತ್ತು ದಣಿವಾಗಿದೆ" ಎಂದು ಪೆನ್ನು ಮುಚ್ಚಿಟ್ಟ ದಿನಗಳನ್ನು ಎಣಿಸಿದರೆ ನಾಚಿಕೆಯಾಗುತ್ತದೆ.

ಅಂಥ ದಿನಗಳು ಬಹಳ. ಶಿಗ್ಗಾಂವಿಯಲ್ಲಿದ್ದಾಗಿನ ಡೈರಿಗಳಲ್ಲಿ ಬರೆದ ಪುಟಗಳಿಗಿಂತ ಬಿಳಿ ಪುಟಗಳೇ ಹೆಚ್ಚು. ಆಗ ಬ್ಯಾಂಕಿನ ಲೆಕ್ಕ ಮುಗಿಸುವುದು ಜೂನ್ 30 ಮತ್ತು ಡಿಸೆಂಬರ್ 31ಕ್ಕೆ. ಬಡ್ಡಿಯನ್ನೆಲ್ಲ ಕೈಯಿಂದ ಹಾಕಬೇಕು, ಲೆಜರಿಗೂ ಬ್ಯಾಲೆನ್ಸಿಗೂ ಏಳು ಪೈಸೆ ಹೊಂದದಿದ್ದರೆ ರಾತ್ರಿ ಹನ್ನೆರಡಾದರೂ ಏಳುವಂತಿಲ್ಲ. ಹೊಸ ಡೈರಿಯ ಮೊದಲ ಪುಟ ಬರೆಯಬೇಕಾದ ದಿನ ನಾನು ನಿದ್ದೆ ಮಾಡುತ್ತಿದ್ದೆ. ಮನೆಯಲ್ಲಿ ತಾಯಿಯ ಕಾಯಿಲೆ ಬೇರೆ. 1984ರ ಅಕ್ಟೋಬರ್ 31ರ ಪುಟ, ಅಂದರೆ ಇಂದಿರಾ ಗಾಂಧಿಯವರ ಹತ್ಯೆಯಾದ ದಿನದ ಪುಟವೂ ಖಾಲಿ.

ಇನ್ನೊಂದು ಕಳ್ಳತನವನ್ನೂ ಒಪ್ಪಿಕೊಂಡುಬಿಡುತ್ತೇನೆ. ಹತ್ತು ದಿನದ್ದನ್ನು ಭಾನುವಾರ ಒಮ್ಮೆಲೇ ಕೂತು, ದಿನಾ ಬರೆದಂತೆ ಬರೆದದ್ದುಂಟು. ಈಗ ನೋಡಿದರೆ ಸಿಕ್ಕಿಬೀಳುತ್ತೇನೆ. ಹತ್ತು ಪುಟಕ್ಕೂ ಒಂದೇ ಶಾಯಿ, ಒಂದೇ ವಾಲಿಕೆಯ ಅಕ್ಷರ, ಹತ್ತು ದಿನವೂ "ಎಂದಿನಂತೆ". ಆಡಿಟರ್ ಆಗಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದರು.

ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಪಡೆಯ ಕಚೇರಿಯ ಅಧಿಕಾರಿ 1660ರಿಂದ 1669ರವರೆಗೆ ಬರೆದ ದಿನಚರಿ ಜಗತ್ಪ್ರಸಿದ್ಧ. 1666ರಲ್ಲಿ ಲಂಡನ್ ಹೊತ್ತಿ ಉರಿಯುವಾಗ ಆತ ತನ್ನ ಚೀಸನ್ನು ತೋಟದಲ್ಲಿ ಗುಂಡಿ ತೋಡಿ ಹೂಳಿಟ್ಟ. ಅದನ್ನೂ ಬರೆದ. ಬೆಂಕಿಯ ಚರಿತ್ರೆಯನ್ನು ಎಷ್ಟೋ ಜನ ಬರೆದಿದ್ದಾರೆ, ಆದರೆ ಓದಿದವರಿಗೆ ಆ ಚೀಸು ಮರೆಯುವುದಿಲ್ಲ. ನಮ್ಮ ಕಡೆಯವರೇ ಬೇಕೆಂದರೆ ಪುದುಚೇರಿಯ ಆನಂದ ರಂಗ ಪಿಳ್ಳೆ. ಫ್ರೆಂಚರ ದುಭಾಷಿ, ಮೇಲಾಗಿ ವ್ಯಾಪಾರಿ. 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದರು. ಹಡಗು ಯಾವಾಗ ಬಂತು, ಏನು ಇಳಿಯಿತು, ಯಾರು ಯಾರಿಗೆ ಏನು ಉಡುಗೊರೆ ಕೊಟ್ಟರು, ಎಲ್ಲ ಇದೆ. ಇದನ್ನು ಓದಿ ನನಗೆ ಧೈರ್ಯ ಬಂತು. ಸೀಮೆಎಣ್ಣೆ ಬರೆದದ್ದು ತಪ್ಪಲ್ಲ, ಸೂರ್ಯನನ್ನು ಬಿಟ್ಟದ್ದು ತಪ್ಪು.

ಡೈರಿಯಿಂದ ಲಾಭವೂ ಆಗಿದೆ. ತಾಯಿಯ ತಿಥಿ ಯಾವುದೆಂಬ ಗೊಂದಲ ಬಂದಾಗ ಪುಟ ಬಿಚ್ಚಿ ತೋರಿಸಿದ್ದೇನೆ. ಒಂದು ಸಲ ಮಾತ್ರ ಲಾಭವೇ ನಷ್ಟವಾಯಿತು. ತಂಗಿಯ ಮದುವೆಗೆ ಅಣ್ಣನಿಂದ ತಂದ ಕೈಗಡ ಮೂರು ಸಾವಿರವನ್ನು ನಾನು ತೀರಿಸಿದ್ದೆ, ಅವನಿಗೆ ಮರೆತಿತ್ತು. ನಾಲ್ಕು ಮಂದಿ ಬೀಗರು ಕೂತಲ್ಲಿ ಮಾತು ಬಂತು. ನಾನು ಒಳಗೆ ಹೋಗಿ ಡೈರಿ ತಂದು ತಾರೀಖು, ಮೊತ್ತ, ಯಾವ ಯಾವ ನೋಟು ಎಂಬುದನ್ನೂ ಓದಿಬಿಟ್ಟೆ. ಅಣ್ಣ "ಆತು ಬಿಡಪಾ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಎರಡು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ. ಲೆಕ್ಕ ಸರಿಯಿತ್ತು. ಅದನ್ನು ಅವನೊಬ್ಬನೇ ಇದ್ದಾಗ ತೋರಿಸಬಹುದಿತ್ತು ಎಂಬುದು ಆಗ ಹೊಳೆಯಲಿಲ್ಲ.

ಈಗ ಆ ಪುಟದ ವಿಷಯ. 1998ರ ಮೇ ತಿಂಗಳು, ನಾವು ಹಿರೇಕೆರೂರಿನಲ್ಲಿದ್ದೆವು. ಪಿಯುಸಿ ಫಲಿತಾಂಶ ಬಂತು. ಮಗ ಗಣಿತದಲ್ಲಿ ನಪಾಸು. ಬಿ.ಕಾಂ. ಓದಿದ, ದಿನವೂ ಅಂಕಿಗಳ ನಡುವೆಯೇ ಇರುವ ಅಪ್ಪನ ಮಗ ಗಣಿತದಲ್ಲಿ ನಪಾಸಾದನೆಂದು ನನಗೆ ಅವಮಾನ. ಅಂದು ರಾತ್ರಿ ಬರೆದೆ: "ಇವನಿಂದ ಏನೂ ಆಗದು. ನನ್ನ ಹಣೆಬರಹ." ಬರೆದ ಮೇಲೆ ಮನಸ್ಸು ಹಗುರಾಯಿತು, ಮಲಗಿದೆ. ನಾಲ್ಕು ದಿನಕ್ಕೆ ಮರೆತೂ ಹೋಯಿತು. ಆದರೆ ಡೈರಿಗೆ ಮರೆವಿಲ್ಲ.

ಮಗ ಮುಂದೆ ಐಟಿಐ ಮಾಡಿದ. ಈಗ ಹಾನಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಇಬ್ಬರು ಹುಡುಗರಿಗೆ ಸಂಬಳ ಕೊಡುತ್ತಾನೆ. ಆರೇಳು ವರ್ಷಗಳ ಹಿಂದೆ ಮನೆಗೆ ಬಣ್ಣ ಹೊಡೆಸುವಾಗ ಟ್ರಂಕನ್ನು ಪಡಸಾಲೆಗೆ ತಂದಿಟ್ಟಿದ್ದೆವು. ಮಧ್ಯಾಹ್ನವೆಲ್ಲ ಅವನು ಅದರ ಮುಂದೆ ಕೂತಿದ್ದ. ಹಳೆಯದನ್ನು ಓದಿ ನಗುತ್ತಿದ್ದಾನೆಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ ಕೇಳಿದ.

"ಅಪ್ಪಾ, 98ರ ಮೇ ತಿಂಗಳದಾಗ ಮಳಿ ಆಗಿತ್ತೇನ್ರಿ?"

ಓದಿದ್ದಾನೆಂದು ತಿಳಿಯಿತು. ತುತ್ತು ಗಂಟಲಲ್ಲಿ ನಿಂತಿತು. ಮಳೆಯ ಬಗ್ಗೆ ಏನು ಹೇಳಿದೆನೋ ನೆನಪಿಲ್ಲ.

ಅವನು ಮಲಗಿದ ಮೇಲೆ ಆ ಪುಟ ತೆಗೆದು ನೋಡಿದೆ. ಬರೆದದ್ದು ನೋವು ಕೊಟ್ಟಿತು, ಬರೆಯದೆ ಬಿಟ್ಟದ್ದನ್ನು ಮನೆಯವಳು ಹೇಳಿದಳು. ಅಂದು ಹುಡುಗ ಬೆಳಗಿನಿಂದ ಉಂಡಿರಲಿಲ್ಲವಂತೆ. ದುರ್ಗಾದೇವಿ ಕೆರೆಯ ಏರಿಯ ಮೇಲೆ ಕತ್ತಲಾಗುವವರೆಗೆ ಒಬ್ಬನೇ ಕೂತಿದ್ದನಂತೆ. ಇವಳು ನೆರೆಯವರನ್ನು ಕರೆದುಕೊಂಡು ಹೋಗಿ, ಕೈಹಿಡಿದು ಮನೆಗೆ ತಂದಳಂತೆ. "ನೀವು ಒಳಗ ಬರಕೋತ ಕುಂತಿದ್ರಿ" ಎಂದಳು.

ಪುಟ ಹರಿದುಬಿಡೋಣವೆನಿಸಿತು. ಮೂವತ್ತಾರು ವರ್ಷದ ಅಭ್ಯಾಸ ಬಿಡಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ಮೇಲೆ ತಿದ್ದುವಂತಿಲ್ಲ, ಹಾಳೆ ಹರಿಯುವುದಂತೂ ದೊಡ್ಡ ಅಪರಾಧ. ತಪ್ಪು ಬರಹ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು ಸಣ್ಣ ಸಹಿ ಹಾಕಬೇಕು. ಹಾಗೇ ಮಾಡಿದೆ. ಆ ಎರಡು ವಾಕ್ಯಕ್ಕೆ ಕೆಂಪು ಗೆರೆ ಎಳೆದು "ಈ ಮಾತು ತಪ್ಪು" ಎಂದು ಬರೆದು, ಸಹಿ ಮಾಡಿ ತಾರೀಖು ಹಾಕಿದೆ. ಬೆಳಿಗ್ಗೆ ಮಗನಿಗೆ ತೋರಿಸಿದೆ. ಅವನು ನೋಡಿ, "ಹಳೇ ಲೆಕ್ಕ ಬಿಡ್ರಿ ಅಪ್ಪಾ" ಎಂದು ಅಂಗಡಿಯ ಕೀಲಿ ತೆಗೆದುಕೊಂಡು ಹೋದ. ಟ್ರಂಕನ್ನು ಮತ್ತೆಂದೂ ಅವನು ತೆಗೆದಿಲ್ಲ.

ಅಂದಿನಿಂದ ಡೈರಿಯಲ್ಲಿ ಮಂದಿಯ ಗುಣ ಅಳೆಯುವುದನ್ನು ಬಿಟ್ಟಿದ್ದೇನೆ. ಸಿಟ್ಟು ಬಂದರೆ ಸಿಟ್ಟು ಬಂತೆಂದು ಬರೆಯುತ್ತೇನೆ, ಯಾಕೆ ಬಂತೆಂದೂ ಬರೆಯುತ್ತೇನೆ. ಆಚೆಯವರು ಎಂಥವರೆಂದು ತೀರ್ಪು ಬರೆಯುವುದಿಲ್ಲ. ಇದರಿಂದ ಡೈರಿ ಸ್ವಲ್ಪ ಸಪ್ಪೆಯಾಗಿದೆ ನಿಜ. ಒಳಗಿನದನ್ನೆಲ್ಲ ಕಾರಿಕೊಳ್ಳಲಿಕ್ಕೇ ಡೈರಿ ಇರುವುದು ಎನ್ನುವವರಿದ್ದಾರೆ. ಅವರ ಮನೆಯಲ್ಲಿ ಗಟ್ಟಿ ಬೀಗ ಇರಬಹುದು.

ಬೀಗವೆಂದಾಗ ನೆನಪಾಯಿತು. ಮೊಮ್ಮಗಳಿಗೆ ಈಗ ಹನ್ನೆರಡು. ಅವಳೂ ಒಂದು ಗುಲಾಬಿ ಬಣ್ಣದ ಡೈರಿ ಇಟ್ಟುಕೊಂಡಿದ್ದಾಳೆ, ಹೆಬ್ಬೆರಳಿನ ಉಗುರಿನಷ್ಟು ಬೀಗ. ಸೊಸೆಗೆ ಚಿಂತೆ. "ಮಾವಾರ, ಏನ್ ಬರೀತಾಳೋ ಏನೋ, ಒಮ್ಮೆ ನೀವs ನೋಡ್ರಿ. ನಿಮಗಾದ್ರ ಬೈಯೂದಿಲ್ಲ" ಎಂದಳು. ಸೊಸೆಯ ಚಿಂತೆ ಸುಳ್ಳಲ್ಲ, ಕಾಲವೇ ಹಾಗಿದೆ. ಆದರೂ ನಾನು ಒಪ್ಪಲಿಲ್ಲ. ಆ್ಯನ್ ಫ್ರಾಂಕ್ ಎಂಬ ಹುಡುಗಿಗೆ 1942ರಲ್ಲಿ ಹದಿಮೂರನೇ ಹುಟ್ಟುಹಬ್ಬಕ್ಕೆ ಡೈರಿ ಸಿಕ್ಕಿತು. ನಾಜಿಗಳಿಗೆ ಹೆದರಿ ಎರಡು ವರ್ಷ ಎಂಟು ಜನ ಒಂದೇ ಕಡೆ ಅಡಗಿದ್ದ ಮನೆಯಲ್ಲಿ ಅವಳು ಅದನ್ನು ಬರೆದಳು. ಅಷ್ಟು ಇಕ್ಕಟ್ಟಿನಲ್ಲೂ ಅವಳ ತಂದೆ ಅದನ್ನು ಓದಿದ್ದು ಅವಳು ತೀರಿಕೊಂಡ ಮೇಲೆ. ತನ್ನ ಮಗಳು ಒಳಗೆ ಇಷ್ಟು ಯೋಚಿಸುತ್ತಿದ್ದಳೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ಅವರು ಹೇಳಿಕೊಂಡರು. ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. "ಹಂಗಾದ್ರ ಅಕೀ ಕೂಡ ದಿನಾ ಒಂದ್ ತಾಸು ಕುಂದ್ರ್ರಿ, ಮಾತಾಡ್ರಿ" ಎಂದಳು. ಅದಕ್ಕೆ ಒಪ್ಪಿದೆ. ಗ್ರಹಣದ ಪ್ರಶ್ನೆ ಬಂದದ್ದು ಆ ಒಂದು ತಾಸಿನಲ್ಲೇ.

ನನ್ನ ಬಳಿ ಈಗ 46 ಡೈರಿಗಳಿವೆ. ಒಂದನ್ನು ಗೆದ್ದಲು ತಿಂದಿತು, ಕೆಲವು ವರ್ಷ ಬರೆದೇ ಇಲ್ಲ. ಇವನ್ನು ಏನು ಮಾಡುವುದೆಂದು ಇನ್ನೂ ತೀರ್ಮಾನಿಸಿಲ್ಲ. ಪೀಪ್ಸ್‌ನವು ಕೇಂಬ್ರಿಜ್‌ನ ಕಾಲೇಜಿಗೆ ಹೋದವು. ನನ್ನವನ್ನು ರದ್ದಿಯವನೂ ತೂಕಕ್ಕೆ ಚೌಕಾಸಿ ಮಾಡಿಯಾನು.

ಅಂದು ಮೊಮ್ಮಗಳಿಗೆ ನಾನು ಬಾಯಿಮಾತಿನಲ್ಲೇ ಗ್ರಹಣ ವರ್ಣಿಸತೊಡಗಿದೆ. ಅಂಗಳದಲ್ಲಿ ನಿಂತಿದ್ದೆ, ಸುಮಾರು ಪೌಣೆ ನಾಲ್ಕಕ್ಕೆ ಒಮ್ಮೆಲೇ ಕತ್ತಲಾಯಿತು, ಹಕ್ಕಿಗಳು ಗೂಡಿಗೆ ಹೊರಟವು, ಎರಡು ಮೂರು ನಿಮಿಷ ಚುಕ್ಕೆ ಕಂಡವು ಎಂದೆ. ಒಳಗಿನಿಂದ ಮನೆಯವಳು ಬಂದಳು.

"ಎಲ್ಲಿ ನಿಂತಿದ್ರಿ ನೀವು ಅಂಗಳದಾಗ? ನಾ ಐದು ತಿಂಗಳ ಬಸರಿ. ಅತ್ತಿ ನನ್ನ ಕ್ವಾಣ್ಯಾಗ ಕೂಡಿಸಿ ಕಿಡಕಿಗೆ ಕಂಬಳಿ ಕಟ್ಟಿದ್ರು. ನನಗ ಅಂಜಿಕಿ ಬರ್ತದಂತ ನೀವು ನನ್ನ ಬಾಜೂಕs ಕುಂತಿದ್ರಿ. ಕತ್ತಲಿ ಆದದ್ದು ನಮಗ ಗೊತ್ತs ಆಗಲಿಲ್ಲ, ಮೊದಲs ಕತ್ತಲಿ ಇತ್ತು."

ನನಗೆ ಹಕ್ಕಿಗಳು ಕಣ್ಣಿಗೆ ಕಟ್ಟಿದಂತಿವೆ. ಅವಳಿಗೆ ಕಂಬಳಿ ನೆನಪಿದೆ. ಡೈರಿ ಯಾರ ಕಡೆಗೂ ಸಾಕ್ಷಿ ಹೇಳುವುದಿಲ್ಲ.

ಮೊಮ್ಮಗಳು ಪೆನ್ನು ತಂದು ಕೊಟ್ಟಳು. ಆ ಪುಟದಲ್ಲಿ ಕೆಳಗೆ ಇನ್ನೂ ಅರ್ಧದಷ್ಟು ಜಾಗ ಇತ್ತು. ಇಂದಿನ ತಾರೀಖು ಹಾಕಿ, ಅವಳ ಅಜ್ಜಿ ಹೇಳಿದ್ದನ್ನು ಅವಳ ಹೆಸರಿನಲ್ಲೂ ನಾನು ಹೇಳಿದ್ದನ್ನು ನನ್ನ ಹೆಸರಿನಲ್ಲೂ ಬರೆದೆ. ಇಬ್ಬರೂ ಸಹಿ ಮಾಡಿದೆವು.

"ಅದಿರಲಿ, ಸೀಮೆಎಣ್ಣೆ ಯಾಕಜ್ಜಾ?" ಎಂದಳು ಹುಡುಗಿ.

"ಸ್ಟೋವಿಗೆ" ಎಂದಳು ಅವಳ ಅಜ್ಜಿ. "ಗ್ರಹಣ ಬಿಟ್ಟ ಮ್ಯಾಲೆ ಎಲ್ಲಾರಿಗೂ ಸ್ನಾನಕ್ಕ ನೀರು ಕಾಸಬೇಕಾಗಿತ್ತು. ಅದಕ್ಕಂತ ಮುಂಜಾನಿ ಎರಡು ತಾಸು ಸರತಿ ನಿಂತು ಇವರs ತಂದಿದ್ರು."

ಅದನ್ನೂ ಬರೆದುಕೊಂಡೆ.